ಪಾಟಿ ಸವಾಲು ಮುಗಿದ ಮೇಲೆ

17 ಜುಲೈ 2025, ಗುರುವಾರ
ತೀರ್ಥಹಳ್ಳಿ

ರಾತ್ರಿಯಿಡೀ ಮಳೆ ಬಿಡಲಿಲ್ಲ. ಕರಿ ಕೋಟು ಮೂರು ದಿನದಿಂದ ಒಣಗಿಲ್ಲ. ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದ್ದೆ, ಹೊಗೆ ವಾಸನೆ ಹಿಡಿದುಕೊಂಡಿದೆ. ಬೇಸಿಗೆಯಲ್ಲಿ ಕೆಳಗಿನ ಕೋರ್ಟುಗಳಲ್ಲಿ ಕೋಟು ಕಡ್ಡಾಯವಲ್ಲ ಅಂತ ಬಾರ್ ಕೌನ್ಸಿಲ್ ನಿಯಮವಿದೆ. ನಮ್ಮ ಕಡೆಯ ಮಳೆಗಾಲಕ್ಕೂ ಅಂಥದ್ದೊಂದು ಬೇಕು. ಒದ್ದೆ ಕೋಟು ಹಾಕಿಕೊಂಡು ಇಡೀ ದಿನ ನಿಂತು ಕೆಲಸ ಮಾಡಿದರೆ ಸಂಜೆ ಭುಜ ಹಿಡಿದುಕೊಳ್ಳುತ್ತದೆ.

ಇವತ್ತು ಚಿಕ್ಕಮ್ಮನ ಕೇಸಿನಲ್ಲಿ ಪಾಟಿ ಸವಾಲು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ನಾನು ಪ್ರಶ್ನಿಸುವ ದಿನ. ಮನೆಯ ಜಮೀನಿನಲ್ಲಿ ಪಾಲು ಕೇಳಿ ಚಿಕ್ಕಮ್ಮ ತಮ್ಮ ಅಣ್ಣನ ಮೇಲೆ ಹಾಕಿದ ಕೇಸು, ಸಾಕ್ಷಿ ಆ ಅಣ್ಣನೇ. ಚಿಕ್ಕಮ್ಮ ನನಗೆ ಸಂಬಂಧಿಯಲ್ಲ. ಮೊದಲ ದಿನ ಆಫೀಸಿಗೆ ಬಂದಾಗ ಹಾಗೆ ಕರೆದೆ, ಅದೇ ಉಳಿದುಕೊಂಡಿತು. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಊರು, ಹೆಸರು, ಸರ್ವೆ ನಂಬರ್ ಬರೆಯುವುದಿಲ್ಲ.

ಚಿಕ್ಕಮ್ಮನಿಗೆ 1988ರಲ್ಲಿ ಮದುವೆಯಾಯಿತು. 1994ರಲ್ಲಿ ಕರ್ನಾಟಕ ಸರ್ಕಾರ ಹೆಣ್ಣುಮಕ್ಕಳಿಗೂ ಒಟ್ಟು ಕುಟುಂಬದ ಆಸ್ತಿಯಲ್ಲಿ ಪಾಲು ಕೊಟ್ಟಿತು. ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಹಾಗಾಗಿ ಅವರು ಸುಮ್ಮನಾದರು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು, ಮದುವೆಯ ಆ ಅಡ್ಡಿ ಹೋಯಿತು. ಅವರ ಅಪ್ಪ ತೀರಿಕೊಂಡದ್ದು 1975ರಲ್ಲಿ, ಆದ್ದರಿಂದ ಆಗಲೂ ಅನುಮಾನ ಉಳಿಯಿತು. ಮಗಳು ಹಕ್ಕು ಕೇಳಬೇಕಾದರೆ 2005ರಲ್ಲಿ ಅಪ್ಪ ಬದುಕಿರಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ಹೇಳಿತು. ಮುಂದಿನ ವರ್ಷ ನಾವು ದಾವೆ ಹಾಕಿದೆವು. ಹೆಂಗಸರಿಗೆ ಆದಾಯದ ಮಿತಿ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ ಅಂತ ಆಗಲೇ ಹೇಳಿದ್ದೆ. "ನಂಗೆ ಗೊತ್ತಿರೋರೇ ಬೇಕು ಲಾಯರಮ್ಮ" ಅಂದರು. ಜಂಟಿ ಸ್ವಾಧೀನ, ಅಂದರೆ ಆಸ್ತಿ ಮನೆಯವರೆಲ್ಲರ ಕೈಯಲ್ಲಿದೆ, ಅಂತ ತೋರಿಸಿದ ಪಾಲಿನ ದಾವೆಗೆ ಕೋರ್ಟ್ ಶುಲ್ಕ 200 ರೂಪಾಯಿ. ಇದು ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತೇ ಇಲ್ಲ. ಲಕ್ಷಗಟ್ಟಲೆ ಕಟ್ಟಬೇಕು ಅಂತ ಹೆದರಿ ಮನೆಯಲ್ಲೇ ಉಳಿಯುತ್ತಾರೆ.

ಅಣ್ಣನ ವಾದ ಒಂದೇ: ಜಮೀನು ಡಿಕ್ಲರೇಷನ್‌ನಲ್ಲಿ ಬಂದದ್ದು, ಡಿಕ್ಲರೇಷನ್ ಹಾಕಿದವನು ನಾನು, ಹಾಗಾಗಿ ಜಮೀನು ನನ್ನದು. ಮಲೆನಾಡಿನಲ್ಲಿ ಈ ಮಾತು ಗೊತ್ತಿಲ್ಲದವರಿಲ್ಲ. 1974ರ ಭೂ ಸುಧಾರಣೆ ತಿದ್ದುಪಡಿಯ ಮೇಲೆ ಗೇಣಿದಾರರು ತಾವು ಉಳುವ ಜಮೀನು ತಮಗೇ ಸಿಗಲಿ ಅಂತ ನಮೂನೆ 7ರಲ್ಲಿ ಹಾಕಿದ ಅರ್ಜಿಗೆ ನಮ್ಮ ಹಿರಿಯರು ಡಿಕ್ಲರೇಷನ್ ಅಂತಲೇ ಹೇಳುವುದು. ಮನೆಯಲ್ಲಿ ಓದು ಬರಹ ಬಂದವನೊಬ್ಬ ಎಲ್ಲರ ಪರವಾಗಿ ಸಹಿ ಹಾಕಿ ಬರುತ್ತಿದ್ದ. ಐವತ್ತು ವರ್ಷದ ನಂತರ ಆ ಒಂದು ಸಹಿಗೆ ಈಗ ಜಗಳ.

ಇದಕ್ಕೆ ಉತ್ತರ ಸಿಕ್ಕಿದ್ದು ತಾಲ್ಲೂಕು ಕಚೇರಿಯ ಹಳೇ ಕಡತದಲ್ಲಿ. ಅದನ್ನು ಹುಡುಕಿದ್ದು ನಾನಲ್ಲ, ನನ್ನ ಜೂನಿಯರ್. ಮೂರು ದಿನ ರೆಕಾರ್ಡ್ ರೂಮಿನಲ್ಲಿ ಕೂತು ಧೂಳು ತಿಂದು, ಆ ಅರ್ಜಿಗಳನ್ನು ತೀರ್ಮಾನಿಸುತ್ತಿದ್ದ ಭೂ ನ್ಯಾಯಮಂಡಳಿಯ ಕಟ್ಟು ಬಿಚ್ಚಿಸಿದಳು. ಅದರಲ್ಲಿ ಅಣ್ಣ 1976ರಲ್ಲಿ ಕೊಟ್ಟ ಹೇಳಿಕೆ ಸಿಕ್ಕಿತು. ಆಗ ನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿರಲಿಲ್ಲ. ಆ ನಿರ್ಬಂಧ ಹೋದದ್ದು 1987ರಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿನಿಂದ. ಹಾಗಾಗಿ ಆ ಕಾಲದ ಹೇಳಿಕೆಗಳಲ್ಲಿ ರೈತರ ಮಾತು ನೇರವಾಗಿದೆ, ಯಾರೂ ತಿದ್ದಿಲ್ಲ. ನನಗೆ ಆ ಕಡತಗಳನ್ನು ಓದುವುದೆಂದರೆ ಬಹಳ ಇಷ್ಟ. ಯಾವ ಗದ್ದೆಗೆ ಎಷ್ಟು ಖಂಡುಗ ಗೇಣಿ, ಯಾರು ಅಳೆದು ಕೊಟ್ಟರು, ಎಲ್ಲ ಇರುತ್ತದೆ.

ಹನ್ನೆರಡೂ ಮುಕ್ಕಾಲಿಗೆ ನಮ್ಮ ಕೇಸ್ ಕೂಗಿದರು. ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಜಾಸ್ತಿ ವಾಯಿದೆ ಕೊಡಬಾರದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಈ ಸಾಕ್ಷಿಗೆ ಅದಾಗಲೇ ದಾಟಿತ್ತು. ಒಮ್ಮೆ ಜ್ವರ, ಒಮ್ಮೆ ಕೊಯ್ಲು, ಹೋದ ತಿಂಗಳು ಅಡಿಕೆ ತೋಟಕ್ಕೆ ಮದ್ದು ಹೊಡೆಯುವವರು ಬಂದಿದ್ದರು. ಮದ್ದಿನ ಕಾರಣ ಕೇಳಿದಾಗ ನಾನೂ ಆಕ್ಷೇಪ ಹೇಳಲಿಲ್ಲ. ಮಳೆ ಹೊಳವಾದ ದಿನ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆ ರೋಗಕ್ಕೆ ಇಡೀ ವರ್ಷದ ಬೆಳೆ ಉದುರುತ್ತದೆ. ಆ ತೋಟದಲ್ಲೇ ಅಲ್ವಾ ನಾವು ಪಾಲು ಕೇಳುತ್ತಿರುವುದು.

ಹೇಳಿಕೆಯ ದೃಢೀಕೃತ ನಕಲು ಕೊಟ್ಟು, "ಇದರಲ್ಲಿರೋ ಸಹಿ ನಿಮ್ಮದೇನಾ?" ಅಂದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಎಪ್ಪತ್ತೆರಡು ವರ್ಷ. "ನಂದೇ" ಅಂದರು. ತಂದೆಯ ಕಾಲದಿಂದ ಮನೆಯವರೆಲ್ಲ ಸೇರಿ ಗೇಣಿ ಮಾಡುತ್ತಾ ಬಂದಿದ್ದೇವೆ ಅಂತ ಹೇಳಿದ್ದೀರಲ್ಲ ಅಂದೆ. ಸುಮ್ಮನೆ ನಿಂತರು. ನ್ಯಾಯಾಧೀಶರು ಇನ್ನೊಮ್ಮೆ ಕೇಳಿದ ಮೇಲೆ "ಹೌದು, ಹೇಳಿದ್ದೆ" ಅಂದರು. ಸ್ಟೆನೋ ಟೈಪ್ ಮಾಡಿದರು: "ಸದರಿ ಹೇಳಿಕೆ ಕೊಟ್ಟಿದ್ದೇನೆ ಎಂದರೆ ಸರಿ." ಜಮೀನು ತನ್ನೊಬ್ಬನದು ಅನ್ನುವ ವಾದಕ್ಕೆ ಅವರ ಮಾತೇ ಅಡ್ಡ ಬಂತು, ಅಲ್ಲಿಗೆ ಪ್ರಶ್ನೆ ನಿಲ್ಲಿಸಿದೆ. ಹೊರಗೆ ಬಂದರೆ ಅಣ್ಣ ತಂಗಿ ಒಂದೇ ಜಗಲಿಯಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಆ ಕಡೆಗೆ ಮಧ್ಯಾಹ್ನ ಇರುವುದು ಒಂದೇ ಬಸ್ಸು. ಚಿಕ್ಕಮ್ಮ ನನಗೆ ಒಂದು ಡಬ್ಬಿ ಕಳಲೆ (ಎಳೇ ಬಿದಿರು) ತಂದಿದ್ದರು, ಹೆಚ್ಚಿ, ಮೂರು ದಿನ ನೀರು ಬದಲಾಯಿಸಿ ನೆನೆಸಿದ್ದು.

ಜೂನಿಯರ್ ಮಾತಾಡಿದ್ದು ಊಟದ ಹೊತ್ತಿಗೆ. ನನಗೆ ಖುಷಿಯಾಗಿತ್ತು, ಅವಳ ಬೆನ್ನು ತಟ್ಟಿದೆ. "ಮೇಡಂ, ಒಂದು ವಿಷಯ ಹೇಳ್ಬೇಕಿತ್ತು" ಅಂದಳು. ಬೆಂಗಳೂರಿನ ಕಂಪನಿಯೊಂದರಲ್ಲಿ ಕರಾರು ಪತ್ರ ಓದುವ ಕೆಲಸ ಸಿಕ್ಕಿದೆಯಂತೆ. ತಿಂಗಳಿಗೆ 28,000. ನಾನು ಕೊಡುವುದು 6,000. ಅದರಲ್ಲಿ 3,500 ಅವಳ ರೂಮಿನ ಬಾಡಿಗೆಗೇ ಹೋಗುತ್ತದೆ. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ, ತಟ್ಟೆ ನೋಡುತ್ತಿದ್ದಳು. ತಪ್ಪು ಮಾಡಿದವಳ ಹಾಗೆ ಅವಳು ಕೂತಿದ್ದು ನೋಡಿ ನನಗೆ ನಾಚಿಕೆಯಾಯಿತು.

ನಾನು ವಕೀಲಿಯ ಸನ್ನದು ಪಡೆದದ್ದು 2012ರಲ್ಲಿ. ಶಿವಮೊಗ್ಗದಲ್ಲಿ ಒಬ್ಬ ಹಿರಿಯರ ಆಫೀಸು ಸೇರಿದೆ. ಮೊದಲ ವರ್ಷ ಒಂದು ರೂಪಾಯಿ ಇಲ್ಲ. "ಕಲಿಯೋಕೆ ಬಂದಿದ್ದೀಯ, ಕಲಿ" ಅಂದರು. ಎರಡನೇ ವರ್ಷ ದೀಪಾವಳಿಗೆ ಬಸ್ ಚಾರ್ಜ್ ಅಂತ ಕವರ್ ಕೊಟ್ಟರು. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ರಾತ್ರಿ ಎಂಟೂವರೆ. ಕಕ್ಷಿದಾರರು ಆಫೀಸಿಗೆ ಬರುವುದೇ ಕತ್ತಲಾದ ಮೇಲೆ. ಕೊನೇ ಬಸ್ಸು ತಪ್ಪಿದರೆ ಹೆಣ್ಣುಮಗಳು ಏನು ಮಾಡಬೇಕು ಅಂತ ಯಾರೂ ಕೇಳಲಿಲ್ಲ. ಹೆಂಗಸರು ವಕೀಲರಾಗಬಹುದು ಅಂತ ಕಾನೂನು ಬಂದದ್ದು 1923ರಲ್ಲಿ. ನೂರು ವರ್ಷ ದಾಟಿದೆ. ಬಸ್ಸಿನ ಸಮಯಕ್ಕೆ ಆಫೀಸು ಹೊಂದಿಕೊಳ್ಳುವುದು ಇನ್ನೂ ಬಾಕಿ ಇದೆ.

ಆ ಹಿರಿಯರಿಂದ ತುಂಬಾ ಕಲಿತೆ, ಅದನ್ನು ಮರೆಯುವುದಿಲ್ಲ. ದಾವಾಪತ್ರ ಬರೆಯುವುದು, ಬೇಡದ ಪ್ರಶ್ನೆ ಕೇಳದಿರುವುದು ಅವರಿಂದಲೇ ಬಂತು. ನಕಲು ಅರ್ಜಿ ಎಲ್ಲಿ ಕೊಡಬೇಕು, ಕೋರ್ಟಿನ ನೋಟಿಸು ತಲುಪಿಸುವ ಅಮೀನರ ಹತ್ತಿರ ಹೇಗೆ ಮಾತಾಡಬೇಕು, ಇದನ್ನೆಲ್ಲ ಕಲಿಸಿದ್ದು ಅವರ ಗುಮಾಸ್ತರು. ನನ್ನ ಮೊದಲ ಸಂಪಾದನೆ 2014ರಲ್ಲಿ, ಕೋರ್ಟ್ ಕಮಿಷನರ್ ಆಗಿ, ಅಂದರೆ ಕೋರ್ಟಿನ ಪರವಾಗಿ ಜಾಗ ನೋಡಿ ವರದಿ ಕೊಡುವ ಕೆಲಸಕ್ಕೆ ಸಿಕ್ಕ 1,500 ರೂಪಾಯಿ. ಆಗುಂಬೆ ಕಡೆ ಒಂದು ಬೇಲಿ ತಕರಾರು. ಸರ್ವೆಯವರ ಜೊತೆ ಮಳೆಯಲ್ಲಿ ಗುಡ್ಡ ಹತ್ತಿ ಅಳತೆ ಮಾಡಿಸಿ ಬಂದೆ. ಮನೆಗೆ ಬಂದು ಕಾಲು ನೋಡಿದರೆ ಒಂಬತ್ತು ಉಂಬಳ (ಜಿಗಣೆ).

ನನ್ನ ಜೊತೆ ಓದಿದ ಇಬ್ಬರು ಗೆಳತಿಯರು ನನಗಿಂತ ಬುದ್ಧಿವಂತರು. ಒಬ್ಬಳು ಶಾಲೆಗೆ ಪಾಠ ಮಾಡಲು ಹೋದಳು, ಇನ್ನೊಬ್ಬಳು ಬ್ಯಾಂಕ್ ಪರೀಕ್ಷೆ ಬರೆದಳು. ಕೋರ್ಟಿನಲ್ಲಿ ಉಳಿದವರು ಯಾರು? ಅಪ್ಪ ವಕೀಲರಾಗಿದ್ದವರು, ಇಲ್ಲವೇ ಮನೆಯಲ್ಲಿ ತೋಟ ಇದ್ದವರು. ನಮಗೂ ಎರಡೆಕರೆ ಅಡಿಕೆ ಇತ್ತು, ಅದಕ್ಕೇ ನಾನು ಉಳಿದೆ. ಮೂರು ವರ್ಷ ಸಂಬಳವಿಲ್ಲದೆ ದುಡಿಸಿಕೊಂಡರೆ ಕೂಲಿ ಮಾಡುವವರ ಮನೆಯ ಮಗಳು ಈ ಕೆಲಸದಲ್ಲಿ ಉಳಿಯುವುದು ಹೇಗೆ? ನಾಳೆ ಚಿಕ್ಕಮ್ಮನಂಥವರು ಬಂದಾಗ ಅವರ ಕಷ್ಟ ಹೇಳದೆಯೇ ಅರ್ಥವಾಗುವ ವಕೀಲರು ಎಲ್ಲಿರುತ್ತಾರೆ? ಇದು ಅಭ್ಯಾಸ, ಹೀಗೇ ನಡೆದು ಬಂದಿದೆ ಅಂತ ನಾವೆಲ್ಲ ಹೇಳುತ್ತೇವೆ. ನಾನೂ ಹೇಳಿದ್ದೇನೆ. ಅದು ತಪ್ಪು.

ಸನ್ನದಿನ ಖರ್ಚಾದರೂ ಈಗ ಕಡಿಮೆಯಾಗಿದೆ. 750 ರೂಪಾಯಿ, ಪರಿಶಿಷ್ಟರಿಗೆ 125, ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳಬಾರದು ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿತು. ನನ್ನ ಜೂನಿಯರ್ ಅದರ ನಂತರವೇ ನೋಂದಾಯಿಸಿಕೊಂಡವಳು. ಅದೇ ವರ್ಷ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಒಂದು ಸುತ್ತೋಲೆ ಕಳಿಸಿತು. ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಹಳ್ಳಿಯ ಕಡೆ 15,000 ಕೊಡಿ ಅಂತ. ಸಲಹೆ ಅಷ್ಟೇ, ಕಡ್ಡಾಯವಲ್ಲ. ಅದನ್ನು ನಾನು ಓದಿದ್ದೆ. ಓದಿ ಪಕ್ಕಕ್ಕಿಟ್ಟಿದ್ದೆ.

ರಾತ್ರಿ ಊಟವಾದ ಮೇಲೆ ಲೆಕ್ಕದ ಪುಸ್ತಕ ತೆಗೆದೆ. ಒಂದು ವರ್ಷದ ಫೀಸು ಕೂಡಿಸಿ ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 58,000. ಆಫೀಸು ಬಾಡಿಗೆ 6,000, ಗುಮಾಸ್ತರಿಗೆ 14,000, ಜೂನಿಯರ್‌ಗೆ 6,000, ಕಾಗದ, ಕರೆಂಟು, ಪೆಟ್ರೋಲು ಸೇರಿ 5,000. ನನಗೆ ಉಳಿಯುವುದು 27,000. ಆದರೆ ದುಡ್ಡು ಹೀಗೆ ಸಮನಾಗಿ ಬರುವುದಿಲ್ಲ. ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋದ ಮೇಲೆ ಜನ ಬಾಕಿ ತಂದುಕೊಡುತ್ತಾರೆ. ಆಷಾಢ ಶ್ರಾವಣದಲ್ಲಿ ಯಾರ ಕೈಯಲ್ಲೂ ಕಾಸಿಲ್ಲ. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲಂತೂ ಫೀಸು ಕೇಳಲು ಬಾಯಿಯೇ ಬರುವುದಿಲ್ಲ. "ಗೆದ್ದರೆ ಅರ್ಧ ಎಕರೆ ನಿಮಗೇ ಬರ್ಕೊಡ್ತೀನಿ" ಅನ್ನುವವರಿದ್ದಾರೆ. ಕೇಸಿನ ಆಸ್ತಿಯಲ್ಲಿ ಪಾಲು, ಗೆದ್ದರೆ ಮಾತ್ರ ಫೀಸು, ಇವೆರಡೂ ವಕೀಲರಿಗೆ ನಿಷಿದ್ಧ, ನಿಷಿದ್ಧವಾಗಿರುವುದೇ ಒಳ್ಳೆಯದು. ಜಾಹೀರಾತು ಕೊಡುವಂತಿಲ್ಲ, ಬೋರ್ಡು ಕೂಡ ಮಿತಿಯಲ್ಲಿರಬೇಕು. ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಹೋಗಿ ಕೇಸ್ ಬರಬೇಕು. ಇವತ್ತಿನಂಥ ಪಾಟಿ ಸವಾಲಿನಿಂದ ಬರುತ್ತದೆ. ಅದರ ಅರ್ಧ ಯಶಸ್ಸು ರೆಕಾರ್ಡ್ ರೂಮಿನಲ್ಲಿ ಕೂತ ಹುಡುಗಿಯದು. ಹೊರಗೆ ಎಲ್ಲರೂ ಹೊಗಳಿದ್ದು ನನ್ನನ್ನು.

ನಮ್ಮ ಮನೆಯವರನ್ನು ಕೂರಿಸಿಕೊಂಡು ಮಾತಾಡಿದೆ. ಅವರಿಗೆ ಶಾಲೆಯ ಸಂಬಳ ಇದೆ, ಹಾಗಾಗಿ ಮನೆ ನಡೆಯುತ್ತದೆ. ಒಂಬತ್ತೂವರೆಗೆ ಜೂನಿಯರ್‌ಗೆ ಫೋನ್ ಮಾಡಿದೆ. ಈ ತಿಂಗಳಿಂದ 12,000, ಜನವರಿಯಿಂದ 15,000. ಕಮಿಷನರ್ ಕೆಲಸ ಬಂದರೆ ಅದರ ಹಣ ಪೂರ್ತಿ ನಿನ್ನದು. ವಕಾಲತ್ತಿನಲ್ಲಿ ನನ್ನ ಹೆಸರಿನ ಜೊತೆ ನಿನ್ನ ಹೆಸರೂ ಇರುತ್ತದೆ. ಸಂಜೆ ಆರರ ಮೇಲೆ ಆಫೀಸಿನಲ್ಲಿ ನಿಲ್ಲಬೇಕಾಗಿಲ್ಲ, ಕಕ್ಷಿದಾರರಿಗೆ ನಾನೇ ಹೇಳುತ್ತೇನೆ. ಬೆಂಗಳೂರಿಗೆ ಹೋದರೂ ನನಗೆ ಬೇಜಾರಿಲ್ಲ, ಇಷ್ಟು ದಿನ ಕಡಿಮೆ ಕೊಟ್ಟದ್ದು ನನ್ನ ತಪ್ಪು ಅಂದೆ. ಆ ಕಡೆ ಸ್ವಲ್ಪ ಹೊತ್ತು ಬರೀ ಮಳೆ ಸದ್ದು. "ಅಮ್ಮನ ಹತ್ರ ಮಾತಾಡಿ ಸೋಮವಾರ ಹೇಳ್ತೀನಿ ಮೇಡಂ" ಅಂದಳು.

ನಾಳೆ ನಾನು ಶಿವಮೊಗ್ಗಕ್ಕೆ, ಎಸಿ (ಉಪವಿಭಾಗಾಧಿಕಾರಿ) ಕೋರ್ಟಿಗೆ ಹೋಗಬೇಕು. ಇಲ್ಲಿ ಚೆಕ್ ಬೌನ್ಸ್ ಕೇಸಿನ ಪಾಟಿ ಸವಾಲು ಅವಳೊಬ್ಬಳೇ ಮಾಡುತ್ತಾಳೆ, ಮೊದಲ ಸಲ. ಹತ್ತು ಗಂಟೆಗೆ ಪ್ರಶ್ನೆ ಬರೆದು ವಾಟ್ಸಾಪಿನಲ್ಲಿ ಕಳಿಸಿದಳು, ಹನ್ನೊಂದಿವೆ. ನಾಲ್ಕನೆಯದು ಕೇಳಬೇಡ, ಸಾಕ್ಷಿಗೆ ದಾರಿ ಸಿಗುತ್ತದೆ ಅಂತ ಬರೆದೆ. ಉಳಿದ ಹತ್ತು ಚೆನ್ನಾಗಿವೆ. ಕೋಟನ್ನು ಮತ್ತೆ ಒಲೆಯ ಹತ್ತಿರ ಹಾಕಿದ್ದೇನೆ.