ತವರಿನ ಕಾರ್ಡಲ್ಲಿ ಹೆಸರು ತೆಗೆಸಿ ಬಾ ಅಂದಿದ್ದೆ

ಕಾರಟಗಿ ಕಡೆಯ ಒಂದು ಊರಲ್ಲಿ ನಾನು ಸೇವಾ ಕೇಂದ್ರ ನಡೆಸುತ್ತೇನೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಬೆರಳಚ್ಚಿನ ಮಷೀನ್, ಎರಡು ಪ್ಲಾಸ್ಟಿಕ್ ಕುರ್ಚಿ. ಪಹಣಿ, ಜಾತಿ ಆದಾಯ ಪ್ರಮಾಣಪತ್ರ ಎಲ್ಲಾ ಮಾಡಿಕೊಡುತ್ತೇನೆ. ಆದರೆ ಜನ ಜಾಸ್ತಿ ಬರುವುದು ರೇಷನ್ ಕಾರ್ಡಿಗೇ.

2023ರಲ್ಲಿ ಗೃಹಲಕ್ಷ್ಮಿ ಬಂತಲ್ವಾ, ಆಗಿನ ಗದ್ದಲ ಹೇಳತೀರದು. ತಿಂಗಳಿಗೆ 2,000 ರೂಪಾಯಿ ಬರಬೇಕಾದರೆ ಕಾರ್ಡಲ್ಲಿ ಹೆಂಗಸು ಮನೆ ಯಜಮಾನಿಯಾಗಿರಬೇಕು. 18 ದಾಟಿದ ಹಿರಿಯ ಹೆಣ್ಣುಮಗಳೇ ಕಾರ್ಡಿನ ಯಜಮಾನಿ ಅಂತ 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಬರೆದಿದೆ. ಹತ್ತು ವರ್ಷ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ನಮ್ಮ ಕಡೆ ಎಷ್ಟೋ ಕಾರ್ಡಲ್ಲಿ ತೀರಿಕೊಂಡ ಅಜ್ಜನೇ ಇನ್ನೂ ಯಜಮಾನ. ದುಡ್ಡು ಅಂದಕೂಡಲೇ ಅತ್ತೆ ಸೊಸೆ ಇಬ್ಬರೂ ನನ್ನ ಮೇಜಿನ ಮುಂದೆಯೇ ಜಗಳಕ್ಕೆ ನಿಂತರು.

ಆ ಗದ್ದಲದಲ್ಲೇ ಒಬ್ಬ ಹುಡುಗಿ ಬಂದಳು. ಮದುವೆಯಾಗಿ ಎರಡು ವರ್ಷ, ತವರು ಸಿಂಧನೂರು ಕಡೆ. ಗಂಡನ ಮನೆ ಕಾರ್ಡಿಗೆ ಹೆಸರು ಸೇರಿಸಬೇಕಿತ್ತು. ಆಧಾರ್ ನಂಬರ್ ಹೊಡೆದೆ. ಈ ಆಧಾರ್ ಬೇರೆ ಕಾರ್ಡಲ್ಲಿದೆ ಅಂತ ಬಂತು. ಒಂದು ಆಧಾರ್ ಎರಡು ಕಾರ್ಡಲ್ಲಿ ಇರುವಂತಿಲ್ಲ. ನಾನು ಸ್ಕ್ರೀನಿಂದ ತಲೆ ಎತ್ತದೆ ಹೇಳಿದೆ: "ತವರಿನ ಕಾರ್ಡಲ್ಲಿ ಹೆಸರು ತೆಗೆಸಿ ಬಾರಮ್ಮ." ದಿನಕ್ಕೆ ನಾಲ್ಕು ಸಲ ಹೇಳುವ ಮಾತು ಅದು. ತಪ್ಪೂ ಅಲ್ಲ.

ನಾನು ಹೇಳದೆ ಬಿಟ್ಟದ್ದು ಬೇರೆ. ಕಾರ್ಡಿನ ತಿದ್ದುಪಡಿಗೆ ಸರ್ಕಾರದ ವೆಬ್‌ಸೈಟ್ ವರ್ಷವಿಡೀ ತೆರೆದಿರುವುದಿಲ್ಲ. ಬಿಟ್ಟಾಗ ಕೆಲವೇ ದಿನ, ಅದರಲ್ಲೂ ಅರ್ಧ ದಿನ ಸರ್ವರ್ ಸುತ್ತುತ್ತಾ ಕೂತಿರುತ್ತದೆ. ಅವತ್ತಿಗೆ ಇನ್ನೊಂದೇ ದಿನ ಬಾಕಿ ಇತ್ತು.

ಅವಳು ನಾಟಿ ಕೂಲಿ ಬಿಟ್ಟು ತವರಿಗೆ ಹೋದಳು. ಅಲ್ಲಿ ಕೊನೆಯ ದಿನ ಸಂಜೆ ಹೆಸರು ತೆಗೆದರು. ಮರುದಿನ ಬೆಳಿಗ್ಗೆ ನಾನು ಶಟರ್ ಎತ್ತುವಾಗಲೇ ಬಂದು ನಿಂತಿದ್ದಳು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಕವರಲ್ಲಿ ಇಟ್ಟುಕೊಂಡಿದ್ದಳು. ಕಂಪ್ಯೂಟರ್ ಹಚ್ಚಿದೆ. ಸೇರಿಸುವ ಆಯ್ಕೆಯೇ ಇಲ್ಲ.

"ನೀವ ಹೇಳಿದ್ರೆಲ್ರಿ ಅಣ್ಣಾ," ಅಂದಳು. ಅಷ್ಟೇ. ಬೈದಿದ್ದರೆ ಆರಾಮಾಗಿರುತ್ತಿತ್ತು.

ತವರಲ್ಲೂ ಇಲ್ಲ, ಗಂಡನ ಮನೆಯಲ್ಲೂ ಇಲ್ಲ. ಮುಂದಿನ ಸಲ ಬಿಟ್ಟಾಗ ಸರ್ವರ್ ಕೈಕೊಟ್ಟಿತು. ಕೊನೆಗೆ ಹೆಸರು ಸೇರುವಷ್ಟರಲ್ಲಿ ಏಳು ತಿಂಗಳು ಹೋಗಿತ್ತು. ಆಗ ಅನ್ನಭಾಗ್ಯದಲ್ಲಿ ಒಬ್ಬರಿಗೆ 5 ಕೆಜಿ ಅಕ್ಕಿ, ಇನ್ನುಳಿದ 5 ಕೆಜಿ ಬದಲು ಕೆಜಿಗೆ 34ರಂತೆ 170 ರೂಪಾಯಿ ಖಾತೆಗೆ ಬೀಳುತ್ತಿತ್ತು. ಲೆಕ್ಕ ಹಾಕಿದೆ. 35 ಕೆಜಿ ಅಕ್ಕಿ, 1,190 ರೂಪಾಯಿ. ನನ್ನ ಒಂದು ಮಾತಿಗೆ.

ಆಮೇಲೆ ಕೆಲಸದ ರೀತಿ ಬದಲಾಯಿತು. ಹೆಸರು ತೆಗೆಯುವುದು ಸಲೀಸು. ಸೇರಿಸುವುದು ಹಾಗಲ್ಲ: ಅರ್ಜಿ ಹಾಕಬೇಕು, ಬೆರಳಚ್ಚು ಕೊಡಬೇಕು, ತಾಲೂಕಲ್ಲಿ ಫುಡ್ ಇನ್ಸ್‌ಪೆಕ್ಟರ್ ಒಪ್ಪಬೇಕು. ಈಗ ಮೊದಲು ಸೇರಿಸುವ ಕಡೆಯ ಕಾಗದ ಎಲ್ಲಾ ಜೋಡಿಸಿಕೊಳ್ಳುತ್ತೇನೆ. ಆಮೇಲೆ ತವರಿನ ಊರಿನ ಆಪರೇಟರಿಗೆ ನಾನೇ ಫೋನ್ ಹಚ್ಚುತ್ತೇನೆ. ಅವನು ಅಲ್ಲಿ ತೆಗೆದ, ನಾನು ಇಲ್ಲಿ ಸೇರಿಸಿದೆ, ಒಂದೇ ದಿನ. ಅದಾಗದಿದ್ದರೆ ತವರಲ್ಲೇ ಇರಲಿ ಬಿಡು ಅನ್ನುತ್ತೇನೆ. ಅಲ್ಲಿದ್ದರೆ ಅಕ್ಕಿಯಾದರೂ ಬರುತ್ತದೆ.

ಅರ್ಹತೆ ವಿಷಯದಲ್ಲೂ ನಾನು ಹೀಗೇ ಅವಸರದವನಾಗಿದ್ದೆ. ಜನ ಕೇಳುವುದು "ಬಿಪಿಎಲ್ ಆಗ್ತೈತೇನ್ರಿ?" ನಾನು ಆದಾಯ ಪ್ರಮಾಣಪತ್ರ ಮಾತ್ರ ನೋಡುತ್ತಿದ್ದೆ. ವರ್ಷಕ್ಕೆ 1.20 ಲಕ್ಷದೊಳಗಿದ್ದರೆ ಆಯ್ತು ಅಂತ. ಆದರೆ ಮನೆಯಲ್ಲಿ ಯಾರಾದರೂ ಸರ್ಕಾರಿ ನೌಕರರಿದ್ದರೆ, ಆದಾಯ ತೆರಿಗೆ ಕಟ್ಟುವವರಿದ್ದರೆ, ಸ್ವಂತ ಓಡಾಟಕ್ಕೆ ಬಿಳಿ ಬೋರ್ಡಿನ ಕಾರಿದ್ದರೆ ಕಾರ್ಡು ನಿಲ್ಲುವುದಿಲ್ಲ. ಟ್ರ್ಯಾಕ್ಟರ್ ಇದ್ದವರು ಹೆದರಿಕೊಂಡು ಬರುತ್ತಾರೆ. ಹೊಟ್ಟೆಪಾಡಿನ ಟ್ರ್ಯಾಕ್ಟರ್, ಟ್ಯಾಕ್ಸಿ ಅದಕ್ಕೆ ಅಡ್ಡಿ ಅಲ್ಲ. ಅಡ್ಡಿ ಆಗಿದ್ದು ಬೇರೆ ಕಡೆ. ಸಾಲ ಸಿಗಲಿ ಅಂತ ಮಗ ಐಟಿ ರಿಟರ್ನ್ ಹಾಕಿರುತ್ತಾನೆ, ತೆರಿಗೆ ಒಂದು ರೂಪಾಯಿ ಕಟ್ಟಿರುವುದಿಲ್ಲ. 2024ರ ಕೊನೆಯಲ್ಲಿ ಬಿಪಿಎಲ್ ಕಾರ್ಡು ರದ್ದು ಮಾಡಲು ಹೊರಟಾಗ ಅಂಥ ಮನೆಯವರೂ ಕಾರ್ಡು ಹಿಡಿದು ನನ್ನ ಹತ್ತಿರ ಓಡಿಬಂದರು. ಈಗ ಹೊಸ ಅರ್ಜಿಗೆ ಕೂರಿಸಿದರೆ ಮೊದಲು ಅದನ್ನೇ ಕೇಳುತ್ತೇನೆ. ಜನ ಮುಖ ನೋಡುತ್ತಾರೆ, ಇವನಿಗೇಕೆ ಇದೆಲ್ಲ ಅಂತ. ನೋಡಲಿ.

ಒಂಟಿಯಾಗಿರುವ ಮುದುಕಿ, ವಿಧವೆ ಬಂದರೆ ಕಡುಬಡವರಿಗೆ ಕೊಡುವ ಅಂತ್ಯೋದಯ ಕಾರ್ಡಿನ ಮಾತು ತೆಗೆಯುತ್ತೇನೆ. ಅದರಲ್ಲಿ ತಲೆ ಲೆಕ್ಕ ಇಲ್ಲ, ಕಾರ್ಡಿಗೆ 35 ಕೆಜಿ. ಸಿಗುವುದು ಕಷ್ಟ. ಆದರೂ ಹೇಳುತ್ತೇನೆ. ಗುಳೆ ಹೋಗುವವರಿಗೆ ಬೆಂಗಳೂರಿನ ಅಂಗಡಿಯಲ್ಲೂ ಇದೇ ಕಾರ್ಡಿಗೆ ಅಕ್ಕಿ ತಗೋಬಹುದು ಅಂದರೆ ಅರ್ಧ ಜನ ನಂಬುವುದೇ ಇಲ್ಲ.

ಇನ್ನು ಹೆಬ್ಬೆಟ್ಟಿನ ಕಥೆ. ತುಂಗಭದ್ರಾ ಕಾಲುವೆಯ ನೀರು ಬರುವ ಊರು ನಮ್ಮದು. ಸೋನಾ ಮಸೂರಿ ಬೆಳೆಯುತ್ತೇವೆ. ನಾಟಿ ಹಚ್ಚುವ ಹೆಂಗಸರು ದಿನಗಟ್ಟಲೆ ಕೆಸರಲ್ಲಿ ಕೈ ಇಟ್ಟಿರುತ್ತಾರೆ. ಬೆರಳ ತುದಿ ಬೆಳ್ಳಗೆ ಸುಲಿದಿರುತ್ತದೆ. ಕೆವೈಸಿಗೆ, ಅಂದರೆ ಕಾರ್ಡಲ್ಲಿರುವವರು ಇವರೇ ಅಂತ ಬೆರಳಚ್ಚು ಕೊಡಲು ಕೂತರೆ ಮಷೀನ್ ಕೆಂಪು ದೀಪ ತೋರಿಸುತ್ತದೆ. ಒಬ್ಬ ಅಜ್ಜಿ ಹೆಬ್ಬೆರಳನ್ನು ಸೆರಗಿಗೆ ಒರೆಸಿದಳು, ಎಣ್ಣೆ ಹಚ್ಚಿದ ತಲೆಗೂದಲಿಗೆ ಉಜ್ಜಿದಳು, ಮತ್ತೆ ಇಟ್ಟಳು. ಎಂಟು ಸಲ. "ನಾನು ಸತ್ತೀನೇನಪಾ?" ಅಂತ ನಕ್ಕಳು. ರಾಜ್ಯಕ್ಕೆಲ್ಲ ಅಕ್ಕಿ ಹಚ್ಚಿಕೊಡುವ ಕೈ ಅದು, ಐದು ಕೆಜಿ ಅಕ್ಕಿಗೆ ಒಪ್ಪಿಗೆ ಸಿಗಲಿಲ್ಲ. ಹತ್ತು ಬೆರಳೂ ನೋಡಬೇಕು, ಎಡಗೈಯ ಉಂಗುರದ ಬೆರಳು ಎಷ್ಟೋ ಸಲ ಓದುತ್ತದೆ. ಕೊನೆಗೆ ಅವಳದ್ದೂ ಅದೇ ಓದಿತು. ನಾಟಿ ಮುಗಿದು ಹದಿನೈದು ದಿನ ಬಿಟ್ಟು ಬನ್ನಿ ಅಂತಲೂ ಹೇಳುತ್ತೇನೆ. ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮೇಜಿನ ಮೇಲೆ ಈಗ ಒಂದು ಉದ್ದನೆಯ ನೋಟ್‌ಬುಕ್ ಇದೆ. ತಿದ್ದುಪಡಿ ಬಿಡಲಿ ಅಂತ ಕಾಯುವವರ ಹೆಸರು, ಫೋನ್ ನಂಬರ್, ಯಾವ ಕಾಗದ ಬಾಕಿ ಅಂತ ಬರೆದಿರುತ್ತೇನೆ. ತೆರೆದ ದಿನ ಬೆಳಿಗ್ಗೆ ಒಬ್ಬೊಬ್ಬರಿಗೇ ಫೋನ್.

ಮೊನ್ನೆ ಆ ಸಿಂಧನೂರಿನ ಹುಡುಗಿ ಮತ್ತೆ ಬಂದಿದ್ದಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಅದೇ ಥರದ ಪ್ಲಾಸ್ಟಿಕ್ ಕವರು, ಒಳಗೆ ಜನನ ಪ್ರಮಾಣಪತ್ರ. ಕವರು ಕೊಡಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದಳು: "ಈಗ ಓಪನ್ ಐತೇನ್ರಿ ಅಣ್ಣಾ?"

ಇರಲಿಲ್ಲ. ನೋಟ್‌ಬುಕ್ ತೆಗೆದು ಕೂಸಿನ ಹೆಸರು ಕೇಳಿದೆ.