ಮಳೆಗೆಂದು ಬಿಟ್ಟ ಕಾಡು

ಕೆರಿಬಿಯನ್ ದ್ವೀಪ ಟೊಬೇಗೊದ ರಾಕ್ಸ್‌ಬರೋ ಊರು ದಾಟಿ ಗುಡ್ಡ ಹತ್ತುತ್ತಿದ್ದ ಹಾಗೆ ಗಾಳಿ ತಣ್ಣಗಾಯಿತು. ಗಿಲ್ಪಿನ್ ಟ್ರೇಸ್ ಕಾಲುದಾರಿ ಶುರುವಾಗುವಲ್ಲಿ ಗೈಡ್ ನಮ್ಮ ಶೂ ನೋಡಿ ತಲೆಯಾಡಿಸಿ ರಬ್ಬರ್ ಬೂಟು ಕೊಟ್ಟರು. ಹತ್ತು ಹೆಜ್ಜೆಯಲ್ಲೇ ಯಾಕೆ ಅಂತ ಗೊತ್ತಾಯಿತು. ಕೆಂಪು ಜೇಡಿಮಣ್ಣು, ಕಾಲಿಟ್ಟರೆ ಪಚಕ್ಕೆಂದು ಹಿಡಿದುಕೊಳ್ಳುತ್ತದೆ. ಎಲೆಯ ಚೂರು ಹೊತ್ತ ಇರುವೆಗಳು ದಾರಿಗೆ ಅಡ್ಡ ಸಾಲು ಹಿಡಿದಿದ್ದವು. ಅವುಗಳನ್ನು ತುಳಿಯದೆ ದಾಟಲು ನಮಗೆ ಸ್ವಲ್ಪ ಹೊತ್ತೇ ಬೇಕಾಯಿತು.

ದ್ವೀಪದ ನಡುಬೆನ್ನಿನ ಈ ಕಾಡಿನ ಹೆಸರು ಮೇನ್ ರಿಡ್ಜ್. 1776ರ ಏಪ್ರಿಲ್ 13ರಂದು ಇದನ್ನು ಕಡಿಯಬಾರದು ಅಂತ ಕಾನೂನು ಆಯಿತು. ಕಾರಣ ಮಳೆ!

ಅದರ ಹಿಂದೆ ಇನ್ನೊಂದು ಕೆರಿಬಿಯನ್ ದ್ವೀಪ ಬಾರ್ಬಡೋಸ್‌ನ ಕಥೆ ಇದೆ. 1627ರಲ್ಲಿ ಇಂಗ್ಲಿಷರು ಅಲ್ಲಿ ನೆಲೆಸಿದಾಗ ದ್ವೀಪದ ತುಂಬಾ ಕಾಡು. 1640ರ ದಶಕದಲ್ಲಿ ಕಬ್ಬು ಬಂತು. ಕೆಲವೇ ದಶಕಗಳಲ್ಲಿ ಕಾಡು ಹೆಚ್ಚುಕಡಿಮೆ ಮುಗಿದೇ ಹೋಯಿತು. ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿಹೋಯಿತು. ಆಲೆಮನೆ ನೋಡಿದವರಿಗೆ ಗೊತ್ತು, ಕೊಪ್ಪರಿಗೆ ಎಷ್ಟು ಬೆಂಕಿ ಬೇಡುತ್ತದೆ ಅಂತ. ಸೌದೆ ಸಿಗದೆ ಅಲ್ಲಿ ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಉರಿಸಿದರು.

1763ರಲ್ಲಿ ಟೊಬೇಗೊ ಬ್ರಿಟಿಷರ ಕೈಗೆ ಬಂತು. ಗಿಡಗಳು ನೀರು ಹೀರಿ ಎಲೆಯಿಂದ ಹೊರಬಿಡುವುದನ್ನು ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ವಿಜ್ಞಾನಿ ಆಗಲೇ ಅಳೆದು ತೋರಿಸಿದ್ದರು. ಮರ ಹೋದರೆ ಮಳೆಯೂ ಹೋಗುತ್ತದೆ ಅಂತ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯ ಸೋಮ್ ಜೆನಿನ್ಸ್ ಸುಮಾರು 11 ವರ್ಷ ಪಟ್ಟು ಹಿಡಿದರು. ಕೊನೆಗೆ ಬೆಟ್ಟದ ಕಾಡು ಉಳಿಯಿತು.

ನಿಜ ಹೇಳಬೇಕೆಂದರೆ ಇದು ಕಾಡಿನ ಮೇಲಿನ ಪ್ರೀತಿ ಅಲ್ಲ. ಕೆಳಗಿನ ತೋಟಗಳಿಗೆ ಮಳೆ ಬೇಕಿತ್ತು, ಅಷ್ಟೇ. ಜೆನಿನ್ಸ್ ಹೆಸರು ಇವತ್ತಿಗೂ ಕೇಳಿಬರುತ್ತದೆ. ಆಫ್ರಿಕಾದಿಂದ ಹಿಡಿದು ತಂದ ಜನ ಕೆಳಗಿನ ಮರ ಕಡಿದರು, ಕಬ್ಬು ನೆಟ್ಟರು, ಅಲ್ಲೇ ಸತ್ತರು. ಅವರಲ್ಲಿ ಒಬ್ಬರ ಹೆಸರೂ ನಮಗೆ ಯಾರೂ ಹೇಳಲಿಲ್ಲ. ಕಾಡಿನೊಳಗೆ ನಡೆಯುವಾಗ ನನಗೆ ಅದೇ ಜಾಸ್ತಿ ಕಾಡಿತು.

1963ರ ಫ್ಲೋರಾ ಚಂಡಮಾರುತ ಈ ಕಾಡನ್ನು ಮುರಿದು ಹಾಕಿತ್ತಂತೆ. ಬಿಳಿ ಬಾಲದ ಒಂದು ಹಮ್ಮಿಂಗ್‌ಬರ್ಡ್ ಇಲ್ಲಿಂದ ಅಳಿದೇ ಹೋಯಿತು ಅಂದುಕೊಂಡಿದ್ದರು. ಆಮೇಲೆ ಮತ್ತೆ ಸಿಕ್ಕಿತು. ಗೈಡ್ ಬೆರಳು ತೋರಿಸಿದ ಕಡೆ ನೋಡಿದೆ, ಒಂದು ಕ್ಷಣ ಹಸಿರು ಮಿಂಚಿತು.

ಸಂಜೆ ಸ್ಪೇಸೈಡ್ ಊರಿಗೆ ಇಳಿದೆವು. ಅಲ್ಲಿ ಹಳೆಯ ಸಕ್ಕರೆ ಗಾಣದ ದೊಡ್ಡ ನೀರಿನ ಚಕ್ರ ನಿಂತಿದೆ. ಟೊಬೇಗೊದಲ್ಲಿ ಈಗ ಆ ಕಬ್ಬಿನ ತೋಟಗಳಿಲ್ಲ. ಚಕ್ರದ ಅಂಚು ಮುಟ್ಟಿದೆ. ಬೆರಳಿಗೆ ತುಕ್ಕು ಮೆತ್ತಿಕೊಂಡಿತು, ಬೂಟಿನಲ್ಲಿ ಇನ್ನೂ ಕಾಡಿನ ಮಣ್ಣಿತ್ತು.