ಕಾರವಾರದ ಚಪಲ್: ಯುದ್ಧ ಕಾಣದ ಯುದ್ಧನೌಕೆ

ಅಂಕೋಲಾ ದಾಟಿ ಹೆದ್ದಾರಿ 66ರಲ್ಲಿ ಕಾರವಾರ ಹೊಕ್ಕರೆ ಎಡಕ್ಕೆ ಟ್ಯಾಗೋರ್ ಕಡಲತೀರ. ಅಲ್ಲೇ ರಸ್ತೆ ಪಕ್ಕ, ನೀರಿಲ್ಲದ ಜಾಗದಲ್ಲಿ ಒಂದು ಬೂದು ಹಡಗು: ಐಎನ್‌ಎಸ್ ಚಪಲ್. 1976ರ ನವೆಂಬರ್ 4ರಂದು ನೌಕಾಪಡೆ ಸೇರಿ 2005ರ ಮೇ 5ರಂದು ನಿವೃತ್ತಿಯಾದ ಈ ಕ್ಷಿಪಣಿ ದೋಣಿ 2006ರಿಂದ ಮ್ಯೂಸಿಯಂ.

"ಕರಾಚಿಗೆ ಬೆಂಕಿ ಹಚ್ಚಿದ್ದು ಇದೇ ಕಣ್ರೋ" ಎಂದು ಒಬ್ಬರು ಮಕ್ಕಳಿಗೆ ವಿವರಿಸುತ್ತಿದ್ದರು. ಇಸವಿ ನೋಡಿದರೂ ಸಾಕಿತ್ತು. ಕರಾಚಿ ದಾಳಿ ನಡೆದದ್ದು 1971ರಲ್ಲಿ. ಹೋದದ್ದು ಇದರ ಅಣ್ಣಂದಿರಾದ ನಿಪಾತ್, ನಿರ್ಘಾತ್, ವೀರ್. ಸೋವಿಯತ್ ಒಕ್ಕೂಟದ ಈ ‘ಓಸಾ’ ದೋಣಿಗಳು ಮೂಲತಃ ಬಂದರು, ಕರಾವಳಿ ಕಾಯಲು ಮಾಡಿದಂಥವು. ವೇಗ ಬೇಕಾದಷ್ಟು, ದೂರ ಹೋಗುವ ಶಕ್ತಿ ಮಾತ್ರ ಕಡಿಮೆ. ಹಾಗಾಗಿ ದೊಡ್ಡ ಹಡಗುಗಳು ಅವನ್ನು ಒಂದಷ್ಟು ದೂರ ಎಳೆದುಕೊಂಡೇ ಹೋದವು. ನಮ್ಮ ನಾವಿಕರು ತರಬೇತಿ ಪಡೆದದ್ದು ರಷ್ಯಾದ ವ್ಲಾಡಿವೊಸ್ಟಾಕ್‌ನಲ್ಲಿ. ಶತ್ರು ಕದ್ದು ಕೇಳಿದರೂ ತಿಳಿಯದಿರಲೆಂದು ರೇಡಿಯೊದಲ್ಲಿ ರಷ್ಯನ್ ಮಾತಾಡಿದರಂತೆ! ಡಿಸೆಂಬರ್ 4ರ ರಾತ್ರಿ, ಕಮಾಂಡರ್ ಬಬ್ರು ಭಾನ್ ಯಾದವ್ ನೇತೃತ್ವದಲ್ಲಿ ದಾಳಿ. ನಿರ್ಘಾತ್‌ನ ಕ್ಷಿಪಣಿ ಬಡಿದಾಗ ಪಾಕಿಸ್ತಾನದ ಖೈಬರ್ ಹಡಗಿನವರು ಬಂದದ್ದು ವಿಮಾನವೆಂದೇ ತಿಳಿದರು. ಎರಡನೇ ಕ್ಷಿಪಣಿಗೆ ಖೈಬರ್ ಮುಳುಗಿತು. ಡಿಸೆಂಬರ್ 8ರ ರಾತ್ರಿಯ ಎರಡನೇ ದಾಳಿಯಲ್ಲಿ ವಿನಾಶ್ ಎಂಬ ಇನ್ನೊಂದು ದೋಣಿ ಹಾರಿಸಿದ ನಾಲ್ಕು ಕ್ಷಿಪಣಿಗಳಲ್ಲಿ ಒಂದು ಕರಾಚಿ ಬಂದರಿನ ಕೆಮಾರಿಯ ಎಣ್ಣೆ ಟ್ಯಾಂಕಿಗೆ ಬಿತ್ತು. ನಾವು ನೌಕಾಪಡೆ ದಿನ ಆಚರಿಸುವುದು ಆ ಡಿಸೆಂಬರ್ 4ರ ನೆನಪಿಗೆ.

ಚಪಲ್ ಹತ್ತಿ ನೋಡಿದರೆ ಆ ಸಾಹಸದ ಅಳತೆ ಸಿಗುತ್ತದೆ. ಉದ್ದ 39 ಮೀಟರ್ ಕೂಡ ತುಂಬದು. ಅಷ್ಟರಲ್ಲೇ ಎಡಕ್ಕೆರಡು ಬಲಕ್ಕೆರಡು ಕ್ಷಿಪಣಿ ಗೂಡು. ಒಂದೊಂದು ಕ್ಷಿಪಣಿ ಎರಡು ಟನ್ನಿಗೂ ಮೇಲೆ. ಕೆಳಗಿಳಿಯುವ ಕಬ್ಬಿಣದ ಏಣಿ ಎಷ್ಟು ಕಡಿದೆಂದರೆ ಮುಖ ಏಣಿಯತ್ತ ಮಾಡಿಯೇ ಇಳಿಯಬೇಕು. ಒಳಗೆ ತಲೆ ತಗ್ಗಿಸಿದರೂ ಪೈಪು ತಗಲುತ್ತದೆ. ಮಧ್ಯಾಹ್ನದ ಧಗೆಗೆ ಬೆನ್ನು ಒದ್ದೆ. ನಾವಿಕರ ವೇಷದ ಗೊಂಬೆಗಳು ನನಗೆ ಅಷ್ಟೇನೂ ಹಿಡಿಸಲಿಲ್ಲ, ಬಟ್ಟೆ ಅಂಗಡಿಯಿಂದ ಎದ್ದು ಬಂದಂತಿವೆ. ಮಂಚಗಳನ್ನು ಮಾತ್ರ ನೋಡಬೇಕು: ಮಗ್ಗುಲು ಬದಲಿಸಲೂ ಜಾಗ ಸಾಲದು.

ನಿಜವಾಗಿ ಯುದ್ಧ ಕಂಡವರು ಬೇಕೆಂದರೆ ಹಡಗಿನ ಪಕ್ಕದಲ್ಲೇ ಮೇಜರ್ ರಾಮ ರಾಘೋಬಾ ರಾಣೆ ಅವರ ಪ್ರತಿಮೆಯಿದೆ. ಹತ್ತಿರದ ಚೆಂಡಿಯಾ ಊರಿನವರು. 1948ರಲ್ಲಿ ಜಮ್ಮು-ಕಾಶ್ಮೀರದ ನೌಶೇರಾ–ರಜೌರಿ ದಾರಿಯಲ್ಲಿ ಗುಂಡಿನ ಮಳೆ ನಡುವೆ ನೆಲಬಾಂಬ್ ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟು, ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದವರು. ನಾವು ಹೋದಾಗ ಅತ್ತ ಜನವೇ ಇರಲಿಲ್ಲ.